ಮುಪ್ಪಿನ ಅಧ್ಯಯನಕ್ಕೆ ಹೊರಟಿದ್ದೀರಾ? ಮೊದಲ ಮೂರು ಮನೆಗೆ ಸೀನಿಯರ್ ಜೊತೆಗಿರಲಿ

ಮುಪ್ಪಿನ ಬಗ್ಗೆ ಅಧ್ಯಯನ ಮಾಡಲು ಹಳ್ಳಿಗೆ ಹೋದ ವಿದ್ಯಾರ್ಥಿ ಎಡವುವುದು ಪ್ರಶ್ನಾವಳಿಯ ಮೊದಲ ಸಾಲಿನಲ್ಲೇ. ಆಳಂದ ತಾಲ್ಲೂಕಿನ ಖಜೂರಿಯಂಥ ಗಡಿ ಊರಿನಲ್ಲಿ "ವಯಸ್ಸೆಷ್ಟ್ರಿ ಆಯಿ?" ಎಂದು ಕೇಳಿ ನೋಡಿ. "ಯಾರಿಗಿ ಗೊತ್ತದಪ, ನೀನೇ ನೋಡಿ ಬರಕೋ" ಎಂಬ ಉತ್ತರ ಬರುತ್ತದೆ. ವಿದ್ಯಾರ್ಥಿ ಆಧಾರ್ ಕಾರ್ಡ್ ತರಿಸುತ್ತಾನೆ. ಅದರಲ್ಲಿ ಬರೀ ಇಸವಿ ಇರುತ್ತದೆ, ಇಲ್ಲವೇ ಜನವರಿ 1, ಜೂನ್ 1 ಎಂಬ ಅಂದಾಜಿನ ತಾರೀಖು. ಅದನ್ನೇ ಬರೆದುಕೊಂಡು ಎರಡನೇ ಪ್ರಶ್ನೆಗೆ ಹೋಗುತ್ತಾನೆ. ಇಡೀ ಪ್ರಬಂಧ ನಿಲ್ಲಬೇಕಾದ ಅಂಕಿ ಅಲ್ಲೇ ಸಡಿಲವಾಯಿತು.

ಅನುಭವವಿರುವ ಸೀನಿಯರ್ ಒಬ್ಬಳು ಪಕ್ಕದಲ್ಲಿ ಕುಳಿತಿದ್ದರೆ ಏನು ಮಾಡುತ್ತಾಳೆ? ಆಧಾರ್ ಕಾರ್ಡನ್ನು ಬದಿಗಿಟ್ಟು ಮಾತಿಗೆ ಇಳಿಯುತ್ತಾಳೆ. "ರಜಾಕಾರರ ಗದ್ದಲ ನೆನಪದೇನ್ರಿ?" "ನಾ ಕಂಕುಳಾಗಿನ ಕೂಸಿದ್ದೆ ಅಂತ ನಮ್ಮವ್ವ ಹೇಳ್ತಿದ್ಳು." "ಎಪ್ಪತ್ತೆರಡರ ಬರಗಾಲ?" "ಎರಡು ಮಕ್ಕಳು ಹುಟ್ಟಿದ್ವು. ಕಾಮಗಾರಿಗಿ ಹೋಗಿ ಕಲ್ಲು ಒಡದೀನಿ." "ಕಿಲ್ಲಾರಿ ಭೂಕಂಪ?" "ಹಿರೇ ಮಗನ ಲಗ್ನ ಆಗಿತ್ತಲ್ಲ." ರಜಾಕಾರರ ಗದ್ದಲ ಮುಗಿದು ಹೈದರಾಬಾದ್ ಸಂಸ್ಥಾನ ವಿಮೋಚನೆಯಾದದ್ದು 1948ರ ಸೆಪ್ಟೆಂಬರ್ 17ರಂದು. ಕಂಕುಳ ಕೂಸು ಎಂದರೆ ಹುಟ್ಟಿದ್ದು 1947ರ ಆಸುಪಾಸು. 1972ರಲ್ಲಿ ಇಪ್ಪತ್ತೈದರ ಹೆಣ್ಣುಮಗಳಿಗೆ ಎರಡು ಮಕ್ಕಳಿರುವುದು, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿ ನಡುಗಿದಾಗ ನಲವತ್ತಾರರ ತಾಯಿಗೆ ಮದುವೆಯಾದ ಮಗನಿರುವುದು, ಎರಡೂ ತಾಳೆಯಾಗುತ್ತವೆ. ಆಧಾರ್‌ನಲ್ಲಿ 1958 ಎಂದಿದೆ ಎಂದಿಟ್ಟುಕೊಳ್ಳಿ. ಹನ್ನೊಂದು ವರ್ಷದ ವ್ಯತ್ಯಾಸ. ಅಷ್ಟರಿಂದ ಆಯಿ ಅರವತ್ತರ ಗುಂಪಿಗೋ ಎಪ್ಪತ್ತರ ಗುಂಪಿಗೋ ಎಂಬುದು ಬದಲಾಗುತ್ತದೆ. ಅರವತ್ತೈದಕ್ಕೆ ಸಿಗುವ ಸಂಧ್ಯಾ ಸುರಕ್ಷಾ ಪಿಂಚಣಿಯೂ ಹನ್ನೊಂದು ವರ್ಷ ತಡವಾಗಿ ಅವರಿಗೆ ದಕ್ಕುತ್ತದೆ. ಒಂದು ಪ್ರಶ್ನೆಯೊಳಗೆ ಇಷ್ಟೆಲ್ಲ ಇದೆ ಎಂದು ಯಾವ ಸಂಶೋಧನಾ ವಿಧಾನದ ಪುಸ್ತಕವೂ ಈ ಊರಿನ ಹೆಸರು ಹಿಡಿದು ಹೇಳುವುದಿಲ್ಲ. ಹೇಳಬೇಕಾದವರು ಹೋದ ವರ್ಷ ಇದೇ ಓಣಿಯಲ್ಲಿ ತಿರುಗಿದ ವಿದ್ಯಾರ್ಥಿಗಳು.

ಗೈಡ್ ಇದ್ದಾರಲ್ಲ, ಸಾಲದೇ?

ಆಳಂದ ತಾಲ್ಲೂಕಿಗೆ ಒಂದು ಅನುಕೂಲವಿದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೇ ತಾಲ್ಲೂಕಿನ ಕಡಗಂಚಿಯಲ್ಲಿದೆ. 1980ರಿಂದ ಇರುವ ಗುಲಬರ್ಗಾ ವಿಶ್ವವಿದ್ಯಾಲಯ ಕಲಬುರಗಿಯಲ್ಲಿದೆ. ಸಮಾಜಕಾರ್ಯ, ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಅರ್ಥಶಾಸ್ತ್ರ, ನರ್ಸಿಂಗ್ ಹೀಗೆ ಯಾವ ವಿಭಾಗದವರಾದರೂ ಮುಪ್ಪಿನ ವಿಷಯ ಎತ್ತಿಕೊಂಡರೆ ಅವರ ಕ್ಷೇತ್ರ ಬಸ್ಸಿನ ದಾರಿಯಲ್ಲೇ ಇದೆ. ವಿಷಯವೂ ಚಿಕ್ಕದಲ್ಲ. 2011ರ ಜನಗಣತಿಯಲ್ಲಿ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚು, ಅಂದರೆ ಜನಸಂಖ್ಯೆಯ ಶೇ 8.6. ಕರ್ನಾಟಕದಲ್ಲಿ ಆ ಪ್ರಮಾಣ ಶೇ 9.5. ಅವರಲ್ಲಿ ಹೆಚ್ಚಿನವರು ಹಳ್ಳಿಯವರು, ಮತ್ತು ಗಂಡಸರಿಗಿಂತ ಹೆಂಗಸರು ಹೆಚ್ಚು.

ಗೈಡ್ ಎಲ್ಲ ಬಾಗಿಲಿಗೂ ಬರಲಾರರು. ಯುಜಿಸಿಯ 2022ರ ನಿಯಮದಂತೆ ಒಬ್ಬ ಪ್ರೊಫೆಸರ್ ಎಂಟು ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ, ಅಸೋಸಿಯೇಟ್ ಪ್ರೊಫೆಸರ್ ಆರು ಮಂದಿಗೆ, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ವರಿಗೆ ಮಾರ್ಗದರ್ಶನ ಮಾಡಬಹುದು. ಅದರ ಮೇಲೆ ಎಂ.ಎ., ಎಂ.ಎಸ್‌.ಡಬ್ಲ್ಯು. ವಿದ್ಯಾರ್ಥಿಗಳ ಕಿರುಪ್ರಬಂಧಗಳು, ತರಗತಿ, ಪರೀಕ್ಷೆ, ನ್ಯಾಕ್ ಕಡತ. ಗೈಡ್ ಕೆಲಸ ಅಧ್ಯಯನದ ಚೌಕಟ್ಟು ನೋಡುವುದು, ವಿಧಾನ ಒಪ್ಪುವುದು, ಅಧ್ಯಾಯ ತಿದ್ದುವುದು. ಮನೆಯ ಪಡಸಾಲೆಯಲ್ಲಿ ಕುಳಿತು ಪ್ರಶ್ನೆ ಕೇಳುವುದನ್ನು ಕಲಿಸುವವರು ಬೇರೆಯೇ ಬೇಕು. ಇನ್ನೊಂದು ಮಾತು. "ಸರ್, ನನಗೆ ಆ ಮುತ್ಯಾನ ಮುಂದೆ ಅಳು ಬಂತು" ಎಂದು ಗೈಡ್ ಮುಂದೆ ಹೇಳಲು ಹೆಚ್ಚಿನ ವಿದ್ಯಾರ್ಥಿಗಳಿಗೆ ಬಾಯಿ ಬರುವುದಿಲ್ಲ. ಹಾಸ್ಟೆಲ್ಲಿನ ಸೀನಿಯರ್ ಅಕ್ಕನ ಮುಂದೆ ಬರುತ್ತದೆ.

ಹೊರದೇಶಗಳಲ್ಲಿ ಇದಕ್ಕೆ ವ್ಯವಸ್ಥೆಯೇ ಇದೆ. ಅಮೆರಿಕದಲ್ಲಿ 1945ರಲ್ಲಿ ಹುಟ್ಟಿದ ಜೆರಂಟಾಲಾಜಿಕಲ್ ಸೊಸೈಟಿಯಲ್ಲಿ ವಿದ್ಯಾರ್ಥಿಗಳಿಗೂ ಹೊಸ ಸಂಶೋಧಕರಿಗೂ ಮೀಸಲಾದ ಪ್ರತ್ಯೇಕ ವಿಭಾಗವಿದೆ. ನಮ್ಮಲ್ಲಿ ಮೆಂಟರ್ ಎಂದರೆ ನ್ಯಾಕ್‌ಗಾಗಿ ಇಟ್ಟ ರಿಜಿಸ್ಟರಿನಲ್ಲಿ ಇಪ್ಪತ್ತು ಹೆಸರಿನ ಪಕ್ಕ ಒಬ್ಬ ಅಧ್ಯಾಪಕರ ಸಹಿ ಎಂಬಲ್ಲಿಗೆ ಎಷ್ಟೋ ಕಡೆ ಮುಗಿದಿದೆ. ಅದು ಬೇಡವೆನ್ನುತ್ತಿಲ್ಲ. ಕ್ಷೇತ್ರಕ್ಕೆ ಹೋಗುವವರಿಗೆ ಅದು ಸಾಲದು.

ಯಾರಿಗೆ ಯಾರು ಜೋಡಿ

ಒಬ್ಬ ಸೀನಿಯರ್‌ಗೆ ಇಬ್ಬರಿಗಿಂತ ಹೆಚ್ಚು ಜೂನಿಯರ್‌ಗಳು ಬೇಡ. ಎರಡನೇ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿ ಮೊದಲ ವರ್ಷದವರಿಗೆ, ಪಿಎಚ್‌.ಡಿ.ಯವರು ಎರಡನೇ ವರ್ಷದವರಿಗೆ ಎಂಬ ಸರಪಳಿ ಸುಲಭವಾಗಿ ನಡೆಯುತ್ತದೆ. ವಿಷಯ ಒಂದೇ ಆಗಿರಬೇಕೆಂದಿಲ್ಲ. ಸೀನಿಯರ್ ಪಿಂಚಣಿಯ ಬಗ್ಗೆ ಓದುತ್ತಿದ್ದು ಜೂನಿಯರ್ ಮರೆವಿನ ಕಾಯಿಲೆ ಎತ್ತಿಕೊಂಡಿದ್ದರೂ ನಡೆಯುತ್ತದೆ. ಇಬ್ಬರೂ ಹಿರಿಯರ ಮುಂದೆ ಕೂರಬೇಕಾದವರು, ಅಷ್ಟು ಸಾಕು.

ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಬಗೆಯ ಜೋಡಿ ತಾನಾಗಿಯೇ ಒದಗುತ್ತದೆ. ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆದು ಕೇರಳದಿಂದಲೋ ಉತ್ತರ ಭಾರತದಿಂದಲೋ ಬಂದವರಿಗೆ ಅಂಕಿಅಂಶದ ಸಾಫ್ಟ್‌ವೇರ್ ಕೈವಶವಿರಬಹುದು, ಕನ್ನಡ ಬಾರದು. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ವಿದ್ಯಾರ್ಥಿಗೆ ಕನ್ನಡದ ಜೊತೆ ಮರಾಠಿ, ದಖನಿಯೂ ಬರುತ್ತದೆ, ತಾಂಡಾದವರಾದರೆ ಲಂಬಾಣಿಯೂ. ಆದರೆ ಇಂಗ್ಲಿಷ್ ಪ್ರಬಂಧ ಓದುವಾಗ ಅಳುಕು. ಇಂಥವರಿಬ್ಬರನ್ನು ಕೂಡಿಸಿದರೆ ಯಾರು ಯಾರಿಗೆ ಮೆಂಟರ್ ಎಂಬುದು ದಿನಕ್ಕೊಂದು ಸಲ ಬದಲಾಗುತ್ತದೆ. ಒಂದು ಎಚ್ಚರಿಕೆ ಇರಲಿ: ಊರಿನ ವಿದ್ಯಾರ್ಥಿಯನ್ನು ಪುಕ್ಕಟೆ ದುಭಾಷಿಯಾಗಿ ಬಳಸಿಕೊಂಡು ಪ್ರಬಂಧದಲ್ಲಿ ಹೆಸರೂ ಹಾಕದೆ ಬಿಡುವುದು ಸಲ್ಲದು. ಅನುವಾದ ಮಾಡಿದ್ದರೆ ಅನುವಾದಕ ಎಂದು ಬರೆಯಿರಿ. ಜೊತೆಗೆ ವಿಶ್ಲೇಷಣೆಯೂ ಮಾಡಿದ್ದರೆ ಸಹಲೇಖಕ ಆಗುವ ಮಾತನ್ನು ಕೆಲಸ ಶುರುವಾಗುವ ಮೊದಲೇ ಆಡಿಬಿಡಿ.

ಹುಡುಗಿಯರ ಜೋಡಿಗೆ ಹುಡುಗಿಯೇ ಸೀನಿಯರ್ ಆಗಿದ್ದರೆ ಮನೆಯೊಳಗೆ ಹೋಗುವುದು ಸಲೀಸು. ರಾಜ್ಯದ ವಿದ್ಯಾರ್ಥಿನಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಕೆಕೆಆರ್‌ಟಿಸಿ ಬಸ್ ಪ್ರಯಾಣ ಉಚಿತ, ಆದ್ದರಿಂದ ಖರ್ಚಿನ ನೆಪವೂ ಇಲ್ಲ. ಆದರೆ ವಾಪಸ್ ಬರುವ ಕೊನೆಯ ಬಸ್ ಎಷ್ಟು ಗಂಟೆಗೆ ಎಂಬುದನ್ನು ಕಂಡಕ್ಟರ್ ಬಳಿ ಬೆಳಿಗ್ಗೆಯೇ ಕೇಳಿಕೊಳ್ಳುವುದು ಸೀನಿಯರ್ ಕಲಿಸಬೇಕಾದ ಮೊದಲ ಪಾಠಗಳಲ್ಲಿ ಒಂದು.

ಹೊರಡುವ ಮೊದಲು ಓದಿಸಬೇಕಾದದ್ದು

ಓದಿನ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುವ ಸೀನಿಯರ್‌ಗಳಿದ್ದಾರೆ. ಮೂರೇ ವಿಷಯ ಕೂತು ಹೇಳಿಕೊಟ್ಟರೆ ಅದಕ್ಕಿಂತ ಹೆಚ್ಚು ಉಪಯೋಗ.

ಮೊದಲನೆಯದು, ಈಗಾಗಲೇ ಇರುವ ದತ್ತಾಂಶ. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸಿದ 'ಲಾಸಿ' ಸಮೀಕ್ಷೆಯ ಮೊದಲ ಸುತ್ತು 2017-18ರದು. 45 ದಾಟಿದವರು, ಅವರ ಸಂಗಾತಿಗಳು ಸೇರಿ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ ಈ ಸಮೀಕ್ಷೆಯ ಮೂಲ ದತ್ತಾಂಶ ಅರ್ಜಿ ಹಾಕಿದ ವಿದ್ಯಾರ್ಥಿಗೆ ಉಚಿತವಾಗಿ ಸಿಗುತ್ತದೆ. ಅದರಿಂದ ಕರ್ನಾಟಕದ ಬಗ್ಗೆ ಮಾತಾಡಬಹುದು, ಖಜೂರಿ ಹೋಬಳಿಯ ಬಗ್ಗೆ ಆಗದು. ರಾಜ್ಯದ ಸರಾಸರಿಯನ್ನು ತಂದು ಊರಿಗೆ ಅಂಟಿಸುವ ತಪ್ಪು ಕಿರುಪ್ರಬಂಧಗಳಲ್ಲಿ ಪದೇಪದೇ ಕಾಣುತ್ತದೆ. 2011ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್) ಸೇರಿದಂತೆ ಕೆಲವು ಸಂಸ್ಥೆಗಳು ಕೂಡಿ ಹಿರಿಯರ ಬಗ್ಗೆ ಏಳು ರಾಜ್ಯಗಳಲ್ಲಿ ದೊಡ್ಡ ಸಮೀಕ್ಷೆ ಮಾಡಿದವು. ನಮ್ಮ ನೆರೆಯ ಮಹಾರಾಷ್ಟ್ರ, ಕೇರಳ, ತಮಿಳುನಾಡು ಆ ಏಳರಲ್ಲಿದ್ದವು, ಕರ್ನಾಟಕ ಇರಲಿಲ್ಲ. ಕಲ್ಯಾಣ ಕರ್ನಾಟಕದ ಒಂದು ಊರನ್ನು ಸರಿಯಾಗಿ ಅಧ್ಯಯನ ಮಾಡಿದ ವಿದ್ಯಾರ್ಥಿಯ ಕೆಲಸಕ್ಕೆ ಬೆಲೆ ಬರುವುದು ಇದರಿಂದಲೇ.

ಎರಡನೆಯದು, ಅಳತೆಯ ಸಾಧನಗಳು. 1963ರ ಕಾಟ್ಜ್ ಪಟ್ಟಿ ಸ್ನಾನ, ಉಡುಪು, ಊಟದಂಥ ದಿನದ ಕೆಲಸ ಕೇಳುತ್ತದೆ. 1969ರ ಲಾಟನ್ ಪಟ್ಟಿ ಫೋನು, ಸಂತೆ, ಅಡುಗೆ, ಹಣಕಾಸು ಕೇಳುತ್ತದೆ. ಎರಡೂ ಅಮೆರಿಕದಲ್ಲಿ ಹುಟ್ಟಿದವು. "ಅಡುಗೆ ಮಾಡ್ತೀರಾ?" ಎಂದರೆ ಆಯಿ "ಇಲ್ಲಪ" ಎನ್ನುತ್ತಾರೆ, ಜೂನಿಯರ್ 'ಅಸಮರ್ಥ' ಎಂದು ಗುರುತು ಹಾಕುತ್ತಾನೆ. "ರೊಟ್ಟಿ ಬಡಿಯೋದು ಯಾವಾಗ ಬಿಟ್ರಿ? ಯಾಕ ಬಿಟ್ರಿ?" ಎಂದು ಸೀನಿಯರ್ ಕೇಳಿದರೆ ಉತ್ತರ ಬೇರೆಯೇ ಬರುತ್ತದೆ. ರಟ್ಟೆ ನೋವಿಗೆ ಬಿಟ್ಟದ್ದು ಒಂದು. ಸೊಸೆ ಬಂದ ಮೇಲೆ ಒಲೆ ಅವಳದಾಯಿತೆಂದು ಬಿಟ್ಟದ್ದು ಇನ್ನೊಂದು. ಹಿಟ್ಟು ನಾದಲು ಆಗುತ್ತದೆ, ಕಣ್ಣು ಕಾಣದೆ ಬೆಂಕಿಯ ಹತ್ತಿರ ಕೂರಲು ಹೆದರಿಕೆ ಎಂಬುದು ಮತ್ತೊಂದು. ಮೂರಕ್ಕೂ ಪಟ್ಟಿಯಲ್ಲಿ ಒಂದೇ ಸೊನ್ನೆ. ಪಟ್ಟಿ ಬದಲಿಸಬೇಡಿ, ಹೋಲಿಕೆಗೆ ಅದು ಬೇಕು. ಪಕ್ಕದ ಅಂಚಿನಲ್ಲಿ ಕಾರಣ ಬರೆಯುವ ರೂಢಿ ಕಲಿಸಿ.

ನೆನಪಿನ ಪರೀಕ್ಷೆಯಲ್ಲಿ ಇದು ಇನ್ನೂ ಗಂಭೀರ. 1975ರ ಪ್ರಸಿದ್ಧ ಎಂಎಂಎಸ್‌ಇ ಪರೀಕ್ಷೆಯಲ್ಲಿ ಒಂದು ವಾಕ್ಯ ಬರೆಯಬೇಕು, ನೂರರಿಂದ ಏಳೇಳು ಕಳೆಯುತ್ತಾ ಹೋಗಬೇಕು. ಶಾಲೆಯ ಮೆಟ್ಟಿಲು ಹತ್ತದ ಹಿರಿಯರನ್ನು ಇದರಿಂದ ಅಳೆದರೆ ಅರ್ಧ ಊರಿಗೆ ಮರೆವಿನ ರೋಗವಿದೆ ಎಂಬ ಸುಳ್ಳು ಫಲಿತಾಂಶ ಬರುತ್ತದೆ. ಓದು ಬಾರದವರಿಗೆಂದೇ ಹರಿಯಾಣದ ಬಲ್ಲಭಗಡದಲ್ಲಿ ರೂಪುಗೊಂಡ ಹಿಂದಿ ಆವೃತ್ತಿ ಇದೆ, ಅದರ ಜಾಡಿನಲ್ಲಿ ಕನ್ನಡ ರೂಪಗಳೂ ಬಂದಿವೆ. ಎಂಎಂಎಸ್‌ಇಗೆ ಹಕ್ಕುಸ್ವಾಮ್ಯವಿದೆ, ಅನುಮತಿ ಬೇಕು. ಖಿನ್ನತೆ ಅಳೆಯುವ ಹದಿನೈದು ಪ್ರಶ್ನೆಗಳ ಜಿಡಿಎಸ್ ಮುಕ್ತವಾಗಿ ಬಳಸಲು ಸಿಗುತ್ತದೆ. "ಇವತ್ತು ಯಾವ ತಾರೀಖು?" ಎಂಬುದಕ್ಕೆ ತಡವರಿಸುವ ಮುತ್ಯಾ ಅಮಾವಾಸ್ಯೆಗೆ ಎಷ್ಟು ದಿನ ಉಳಿದಿದೆ ಎಂದು ಥಟ್ಟನೆ ಹೇಳಬಲ್ಲರು. ಅವರ ಬುದ್ಧಿ ಚುರುಕಾಗಿಯೇ ಇದೆ, ಅವರ ಕ್ಯಾಲೆಂಡರ್ ಬೇರೆ.

ಮೂರನೆಯದು, ಒಪ್ಪಿಗೆ ಪತ್ರ. ಹಳ್ಳಿಯ ಹಿರಿಯರಿಗೆ ಹೆಬ್ಬೆಟ್ಟು ಎಂದರೆ ಹೊಲ ಬರೆದುಕೊಟ್ಟ ನೆನಪು, ಸಾಲದ ಪತ್ರದ ನೆನಪು. ವಿಶ್ವವಿದ್ಯಾಲಯದ ನೀಲಿ ಪ್ಯಾಡ್ ಮುಂದೆ ಹಿಡಿದ ಕೂಡಲೇ ಮುಖ ಬದಲಾಗುತ್ತದೆ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯಂತೆ ಓದು ಬಾರದವರಿಗೆ ಪತ್ರವನ್ನು ಓದಿ ವಿವರಿಸಿ, ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯ ಮುಂದೆ ಒಪ್ಪಿಗೆ ಪಡೆಯಬೇಕು. ಬಾಯಿಮಾತಿನ ಒಪ್ಪಿಗೆಯನ್ನು ದಾಖಲಿಸಿಕೊಳ್ಳಲು ನೈತಿಕ ಸಮಿತಿಯ ಅನುಮತಿಯನ್ನು ಮೊದಲೇ ಕೇಳಿ ಇಟ್ಟುಕೊಳ್ಳಿ. ಸಮಿತಿಯ ಸಭೆ ಯಾವಾಗ, ಅರ್ಜಿಗೆ ಏನೇನು ಲಗತ್ತಿಸಬೇಕು ಎಂಬುದೆಲ್ಲ ಸೀನಿಯರ್ ಬಳಿ ಇರುವ ಮಾಹಿತಿ. ಅವರ ಹಳೆಯ ಅರ್ಜಿಯ ಪ್ರತಿಯನ್ನೇ ಕೇಳಿ ಪಡೆಯಿರಿ.

ಮೂರು ಮನೆ

ಇಲ್ಲಿಂದ ಮುಂದಿನದು ಈ ಲೇಖನದ ತಿರುಳು. ಸೀನಿಯರ್‌ಗೆ ಸಮಯವಿಲ್ಲದಿದ್ದರೆ ಉಳಿದದ್ದೆಲ್ಲ ಬಿಡಲಿ, ಇದನ್ನು ಮಾತ್ರ ಬಿಡಬಾರದು.

ಮೊದಲ ಮನೆಯಲ್ಲಿ ಸೀನಿಯರ್ ಕೇಳಬೇಕು, ಜೂನಿಯರ್ ಬರೆದುಕೊಳ್ಳಬೇಕು. ಎರಡನೇ ಮನೆಯಲ್ಲಿ ಅರ್ಧರ್ಧ. ಮೂರನೇ ಮನೆಯಲ್ಲಿ ಜೂನಿಯರ್ ಕೇಳಬೇಕು, ಸೀನಿಯರ್ ಬಾಯಿ ಮುಚ್ಚಿ ಕೂರಬೇಕು. ತಪ್ಪು ಕೇಳಿದರೂ ನಡುವೆ ತಿದ್ದಬಾರದು. ತಿದ್ದಿದರೆ ಮನೆಯವರ ಕಣ್ಣು ಸೀನಿಯರ್ ಕಡೆ ತಿರುಗುತ್ತದೆ, ಜೂನಿಯರ್ ಆ ಮನೆಯನ್ನು ಕಳೆದುಕೊಳ್ಳುತ್ತಾನೆ. ಮಾತು ಬಸ್ಸಿನಲ್ಲಿ ವಾಪಸ್ ಬರುವಾಗ ಆಗಲಿ, ಅದೂ ಮನೆಯವರ ಹೆಸರೆತ್ತದೆ. ಆಳಂದದ ಬಸ್ಸಿನಲ್ಲಿ ಪಕ್ಕದ ಸೀಟಿನವರು ಅದೇ ಮನೆಯ ಬೀಗರಾಗಿರಬಹುದು.

ಮನೆಯಲ್ಲಿ ಕೂರುವುದಕ್ಕೂ ಒಂದು ಕ್ರಮವಿದೆ. ಯಾವ ಕಿವಿ ಚೆನ್ನಾಗಿ ಕೇಳುತ್ತದೆ ಎಂದು ಮೊದಲು ಕೇಳಿ ಆ ಬದಿಗೆ ಕೂರಿ. ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ, ಅವರು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಕೂಗಬೇಡಿ, ನಿಧಾನಿಸಿ. ಹಿರಿಯರು ಹೊರಸಿನ ಮೇಲಿದ್ದರೆ ನೀವು ಕೆಳಗೆ ಚಾಪೆಯ ಮೇಲೆ. ಚಹಾ ಕೊಟ್ಟರೆ ಕುಡಿಯಿರಿ. ಯಾರ ಮನೆಯ ಚಹಾ ಕುಡಿದಿರಿ, ಯಾರ ಮನೆಯದು ಬಿಟ್ಟಿರಿ ಎಂಬುದು ಸಂಜೆಯೊಳಗೆ ಇಡೀ ಓಣಿಗೆ ಗೊತ್ತಾಗಿರುತ್ತದೆ, ಮತ್ತು ಅದಕ್ಕೆ ಜಾತಿಯ ಅರ್ಥ ಹುಟ್ಟುತ್ತದೆ. ಒಂದು ಕೇರಿಯಲ್ಲಿ ಕುಡಿದು ಇನ್ನೊಂದು ಕೇರಿಯಲ್ಲಿ ಬೇಡವೆನ್ನುವ ವಿದ್ಯಾರ್ಥಿ ಸಂಶೋಧನೆಯನ್ನೂ ಕೆಡಿಸುತ್ತಾನೆ, ಮನುಷ್ಯರನ್ನೂ ನೋಯಿಸುತ್ತಾನೆ.

ಈಗ ಕಷ್ಟದ ಭಾಗ. ಆಯಿಯನ್ನು ಕೇಳಿದರೆ ಸೊಸೆ ಉತ್ತರಿಸುತ್ತಾಳೆ. ಪ್ರೀತಿಯಿಂದಲೇ ಇರಬಹುದು, ಆದರೆ "ಮನ್ಯಾಗ ಸರಿಯಾಗಿ ನೋಡ್ಕೋತಾರೇನ್ರಿ?" ಎಂಬ ಪ್ರಶ್ನೆ ಅವಳು ಬಾಗಿಲಲ್ಲಿ ನಿಂತಿರುವಾಗ ಕೇಳುವಂಥದ್ದಲ್ಲ. ಕೇಳಿದರೆ "ಭಾಳ ಛಲೋ ನೋಡ್ಕೋತಾರಪ" ಎಂದೇ ಬರುತ್ತದೆ. ಇಬ್ಬರು ಹೋಗುವುದರ ದೊಡ್ಡ ಲಾಭ ಇಲ್ಲಿದೆ. ಒಬ್ಬರು ಮನೆಯ ವಿವರಗಳ ಹಾಳೆ ತೆಗೆದು, ಎಷ್ಟು ಎಕರೆ, ಎಷ್ಟು ತೊಗರಿ, ದುಡಿಯಲು ಪುಣೆ ಮುಂಬೈಗೆ ಹೋದವರೆಷ್ಟು ಎಂದು ಸೊಸೆಯನ್ನು ಒಳಮನೆಯಲ್ಲಿ ಮಾತಾಡಿಸುತ್ತಾರೆ. ಇನ್ನೊಬ್ಬರು ಹೊರಗೆ ಆಯಿಯ ಹತ್ತಿರ. ಸೊಸೆಯ ಮಾತನ್ನೂ ಅಷ್ಟೇ ಮನಸ್ಸಿಟ್ಟು ಕೇಳಬೇಕು. ಹಗಲೆಲ್ಲ ಹೊಲದಲ್ಲಿ ದುಡಿದು, ರಾತ್ರಿ ಮುದುಕರ ಹಾಸಿಗೆ ಬದಲಿಸುವವಳು ಅವಳೇ. ಅವಳನ್ನು ಕೇಳದ ಮುಪ್ಪಿನ ಅಧ್ಯಯನ ಅರ್ಧ ಅಧ್ಯಯನ.

ಹಣದ ಪ್ರಶ್ನೆಯೂ ಹೀಗೆಯೇ. ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರ ರೂಪಾಯಿ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದಿರುವವರ ಖಾತೆಗೆ ಬೀಳುತ್ತದೆ. ಎಷ್ಟೋ ಮನೆಗಳಲ್ಲಿ ಆ ಯಜಮಾನಿ ಅತ್ತೆಯೇ. "ಪಗಾರ ಬರ್ತದೇನ್ರಿ?" ಎಂದಷ್ಟೇ ಕೇಳಿ ಬಿಡಬೇಡಿ. ಯಾರ ಖಾತೆಗೆ ಬೀಳುತ್ತದೆ, ಬ್ಯಾಂಕಿಗೆ ಯಾರು ಹೋಗಿ ತೆಗೆಯುತ್ತಾರೆ, ತೆಗೆದ ಮೇಲೆ ಯಾರ ಕೈಯಲ್ಲಿರುತ್ತದೆ ಎಂಬ ಮೂರು ಪ್ರಶ್ನೆ ಬೇರೆಬೇರೆಯಾಗಿ ಕೇಳಿ.

ಕಟ್ಟೆಯ ಮೇಲೆ ಸಿಗದವರು

ಹೊಸಬರು ಊರಿಗೆ ಬಂದ ಕೂಡಲೇ ಹನುಮಂತ ದೇವರ ಗುಡಿಯ ಕಟ್ಟೆಗೆ ಹೋಗುತ್ತಾರೆ. ಹತ್ತು ಮಂದಿ ಮುತ್ಯಾಗಳು ಒಟ್ಟಿಗೆ ಸಿಗುತ್ತಾರೆ, ಮಧ್ಯಾಹ್ನದೊಳಗೆ ಹತ್ತು ಪ್ರಶ್ನಾವಳಿ ತುಂಬುತ್ತದೆ. ಕಟ್ಟೆಗೆ ಬರುವವರು ನಡೆಯಬಲ್ಲವರು, ಗಂಡಸರು, ಮಾತುಗಾರರು. ಹಾಸಿಗೆ ಹಿಡಿದವರು, ವಿಧವೆಯರು, ಒಬ್ಬರೇ ಇರುವವರು, ತಾಂಡಾದವರು, ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತ ಒಳಮನೆಯಲ್ಲೇ ಇರುವವರು ಅಲ್ಲಿಲ್ಲ. ಅವರನ್ನು ಹುಡುಕಲು ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ದಾರಿ ತೋರುತ್ತಾರೆ. ಅವರ ಪರಿಚಯ ಮಾಡಿಸಿಕೊಡುವುದು ಸೀನಿಯರ್ ಕೊಡಬಹುದಾದ ದೊಡ್ಡ ಕೊಡುಗೆ. ಕಟ್ಟೆಯನ್ನು ಬಿಡಬೇಕಿಲ್ಲ, ಊರಿನ ಇತಿಹಾಸ ಅಲ್ಲೇ ಸಿಗುತ್ತದೆ. ಮಾದರಿಯ ಆಯ್ಕೆಗೆ ಅದನ್ನು ನೆಚ್ಚಬೇಡಿ.

ಹೊತ್ತು ಗೊತ್ತು ಕೂಡ ಹೇಳಿಕೊಡಬೇಕಾದದ್ದೇ. ತೊಗರಿ ಕಟಾವಿನ ಡಿಸೆಂಬರ್, ಜನವರಿಯಲ್ಲಿ ಹಗಲು ಮನೆಗಳು ಖಾಲಿ, ಆದರೆ ನಡೆಯಲಾಗದ ಹಿರಿಯರು ಒಬ್ಬರೇ ಇರುತ್ತಾರೆ, ಬಿಡುವಾಗಿ ಮಾತಾಡುತ್ತಾರೆ. ಎಳ್ಳಮಾವಾಸ್ಯೆಯ ದಿನ ಪ್ರಶ್ನಾವಳಿ ಒಯ್ಯಬೇಡಿ. ಯಾರಾದರೂ ಹೊಲಕ್ಕೆ ಕರೆದರೆ ಹೋಗಿ ಸಜ್ಜೆ ರೊಟ್ಟಿ, ಭಜ್ಜಿ ಉಂಡು ಬನ್ನಿ. ಏಪ್ರಿಲ್, ಮೇನಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಹತ್ತರೊಳಗೆ ಮುಗಿಸಿ. ನಿಮಗಿಂತ ಹೆಚ್ಚಾಗಿ ಹಿರಿಯರಿಗೆ ಅದು ಕ್ಷೇಮ.

ಪಿಂಚಣಿಯ ಸಾಹೇಬರು ಬಂದ್ರು

ಕೈಯಲ್ಲಿ ಫೈಲು ಕಂಡರೆ ಪಿಂಚಣಿ ಮಾಡಿಸಲು ಬಂದವರೆಂದೇ ತಿಳಿಯುತ್ತಾರೆ. "ನನ್ನ ಪಗಾರ ಬಂದ್ ಆಗ್ಯಾದ, ನೋಡ್ರಿ" ಎಂದು ಪಾಸ್‌ಬುಕ್ ತಂದು ಮುಂದಿಡುತ್ತಾರೆ. ಜೂನಿಯರ್ ಇಲ್ಲಿ ಎರಡರಲ್ಲಿ ಒಂದು ತಪ್ಪು ಮಾಡುತ್ತಾನೆ. ಮಾಡಿಸಿಕೊಡುತ್ತೇನೆಂದು ಮಾತು ಕೊಡುತ್ತಾನೆ, ಇಲ್ಲವೇ ತನಗೆ ಸಂಬಂಧವಿಲ್ಲವೆಂದು ಕೈಯಾಡಿಸುತ್ತಾನೆ. ಸೀನಿಯರ್ ಒಂದು ಹಾಳೆ ಕೊಟ್ಟಿರಬೇಕು: ಸಂಧ್ಯಾ ಸುರಕ್ಷಾ 65 ತುಂಬಿದವರಿಗೆ, ತಿಂಗಳಿಗೆ 1,200 ರೂಪಾಯಿ, ಅರ್ಜಿ ಹೋಬಳಿಯ ನಾಡಕಚೇರಿಯಲ್ಲಿ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567. ಉಚಿತ ಕಾನೂನು ನೆರವಿಗೆ 15100. "ನಾನು ಕಲಿಯುವ ವಿದ್ಯಾರ್ಥಿ ಇದ್ದೀನ್ರಿ, ಮಂಜೂರು ಮಾಡೋದು ನನ್ನ ಕೈಯಾಗಿಲ್ಲ. ಎಲ್ಲಿ ಕೇಳಬೇಕು ಅನ್ನೋದು ಬರದು ಕೊಡ್ತೀನಿ" ಎಂಬಷ್ಟು ಮಾತು ಸಾಕು. ಬರೆದುಕೊಟ್ಟ ಮೇಲೆ ಮುಂದಿನ ಭೇಟಿಯಲ್ಲಿ ಏನಾಯಿತೆಂದು ಕೇಳಲು ಮರೆಯಬೇಡಿ.

ಇದಕ್ಕಿಂತ ಭಾರವಾದದ್ದೂ ಎದುರಾಗುತ್ತದೆ. ತೋಳಿನ ಮೇಲೆ ಬಾಸುಂಡೆ, ಊಟವಿಲ್ಲದ ದಿನಗಳ ಮಾತು, ಹೊಲ ಬರೆಸಿಕೊಂಡು ಕೈಬಿಟ್ಟ ಮಗ. ತಂದೆ ತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆ ಕುರಿತ 2007ರ ಕಾಯ್ದೆಯಂತೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ತಿಂಗಳಿಗೆ ಗರಿಷ್ಠ ಹತ್ತು ಸಾವಿರ ರೂಪಾಯಿವರೆಗೆ ಜೀವನಾಂಶ ಕೊಡಿಸಲು ಅವಕಾಶವಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಆ ಷರತ್ತು ಮುರಿದರೆ ರದ್ದು ಮಾಡಿಸಲೂಬಹುದು. ಆದರೆ ಅರ್ಜಿ ಕೊಡಬೇಕೋ ಬೇಡವೋ ಎಂಬ ತೀರ್ಮಾನ ಆ ಹಿರಿಯರದು. ವಿದ್ಯಾರ್ಥಿ ಆವೇಶದಲ್ಲಿ ಮಗನನ್ನು ಎದುರಿಸಿದರೆ, ಸಂಜೆ ಅವನು ಬಸ್ ಹತ್ತಿ ಹೋದ ಮೇಲೆ ಅದರ ಫಲ ಅನುಭವಿಸುವವರು ಆ ತಾಯಿ. ಆ ದಿನವೇ ಸೀನಿಯರ್‌ಗೆ, ಸೀನಿಯರ್ ಮೂಲಕ ಗೈಡ್‌ಗೆ ತಿಳಿಸುವುದು ನಿಯಮವಾಗಿರಲಿ. ಜೀವಕ್ಕೆ ಅಪಾಯ ಕಂಡರೆ ಕಾಯಬಾರದು, ಪೊಲೀಸ್ ತುರ್ತು ಸಂಖ್ಯೆ 112 ಇದೆ.

ಮಾತಾಡಿದವರು ತೀರಿಕೊಂಡಾಗ

ಮುಪ್ಪಿನ ಅಧ್ಯಯನದಲ್ಲಿ ಇದು ಆಗಿಯೇ ಆಗುತ್ತದೆ, ಆದರೂ ಯಾರೂ ಮೊದಲೇ ಹೇಳಿರುವುದಿಲ್ಲ. ಎರಡನೇ ಸುತ್ತಿಗೆ ಹೋದಾಗ ಬಾಗಿಲಲ್ಲೇ "ಮುತ್ಯಾ ಹೋದ ತಿಂಗಳ ತೀರಕೊಂಡ್ರು" ಎಂಬ ಮಾತು. ಹೆಚ್ಚಿನ ಸಂಶೋಧನೆಗಳಲ್ಲಿ ಅದು ಅಂಕಿಅಂಶದ ಕೋಷ್ಟಕದಲ್ಲಿ ಬಿಟ್ಟುಹೋದವರ ಸಂಖ್ಯೆಯಾಗಿ ದಾಖಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಾನುವರ್ಷ ಗಮನಿಸುವ ಗುರಿ ಇಟ್ಟುಕೊಂಡಿದೆ. ಅಂಥ ದೀರ್ಘ ಅಧ್ಯಯನದಲ್ಲಿ ಸಾವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಸಣ್ಣ ಅಧ್ಯಯನದ ವಿದ್ಯಾರ್ಥಿಗೆ ಆ ಮುತ್ಯಾ ಇಪ್ಪತ್ತರಲ್ಲಿ ಒಬ್ಬರು, ಎರಡು ತಾಸು ತನ್ನ ಬದುಕನ್ನೇ ಬಿಚ್ಚಿಟ್ಟವರು.

ಸೀನಿಯರ್ ಆಗ ಜೊತೆಗೆ ಹೋಗಬೇಕು. ಮನೆಯವರನ್ನು ಮಾತಾಡಿಸಿ ಬರಬೇಕು, ಫೈಲು ಒಯ್ಯಬಾರದು. ಮನೆಯವರು ಮುತ್ಯಾನ ಧ್ವನಿ ಇದ್ದರೆ ಕೊಡಿ ಎಂದು ಕೇಳುವುದುಂಟು. ಕೊಡಬಹುದೇ? ಆ ರೆಕಾರ್ಡಿಂಗ್‌ನಲ್ಲಿ ಅವರು ಮಗನ ಬಗ್ಗೆ ಏನೋ ಹೇಳಿರಬಹುದು. ಈ ಸಂಕಟ ತಪ್ಪಬೇಕಾದರೆ ಒಪ್ಪಿಗೆ ಪಡೆಯುವಾಗಲೇ ಒಂದು ಸಾಲು ಸೇರಿಸಿ: "ನೀವು ಹೇಳಿದ್ದರಲ್ಲಿ ಮನೆಯವರಿಗೆ ಕೊಡಬಹುದಾದದ್ದು ಯಾವುದು, ಬೇಡವಾದದ್ದು ಯಾವುದು?" ಹಿರಿಯರು ಈ ಪ್ರಶ್ನೆಗೆ ಅಳುಕುವುದಿಲ್ಲ, ಸಾವಿನ ಮಾತು ನಮಗಿಂತ ಅವರಿಗೆ ಸಹಜ. ಬೇಕಾದರೆ ಕೊನೆಯಲ್ಲಿ ಮೊಮ್ಮಕ್ಕಳಿಗಾಗಿ ಒಂದು ಮಾತು, ಒಂದು ಹಾಡು ಪ್ರತ್ಯೇಕವಾಗಿ ರೆಕಾರ್ಡ್ ಮಾಡಿ ಆ ದಿನವೇ ಮನೆಯವರ ಫೋನಿಗೆ ಕಳಿಸಿ.

ಜೂನಿಯರ್ ವಾರಗಟ್ಟಲೆ ಮಂಕಾಗಿದ್ದರೆ ಸೀನಿಯರ್ ಧೈರ್ಯ ಹೇಳುವುದರಲ್ಲೇ ನಿಲ್ಲಬಾರದು. ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ. ಸೀನಿಯರ್ ಆಪ್ತಸಲಹೆಗಾರನಲ್ಲ ಎಂಬುದು ಇಬ್ಬರಿಗೂ ನೆನಪಿರಲಿ.

ಮೆಂಟರ್ ಮಾಡಬಾರದ್ದು

ಜೂನಿಯರ್ ಪ್ರಬಂಧವನ್ನು ತಾನೇ ಬರೆದುಕೊಡಬಾರದು, ತನ್ನ ಹಳೆಯ ಅಧ್ಯಾಯವನ್ನು "ನೋಡಿಕೋ" ಎಂದು ಕಳಿಸಿ ಕಣ್ಣು ಮುಚ್ಚಬಾರದು. ಯುಜಿಸಿಯ 2018ರ ನಿಯಮದಂತೆ ಶೇ 10ಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ಪ್ರಬಂಧ ವಾಪಸ್ ಬರುತ್ತದೆ, ಶೇ 60 ಮೀರಿದರೆ ನೋಂದಣಿಯೇ ರದ್ದು. ತನ್ನ ಅಧ್ಯಯನದ ಮಾಹಿತಿದಾರರ ಹೆಸರಿರುವ ಪಟ್ಟಿಯನ್ನು ಜೂನಿಯರ್‌ಗೆ ಕೊಡಬಾರದು. ಹೆಸರು ತೆಗೆದರೆ ಸಾಕು ಎಂದೂ ತಿಳಿಯಬಾರದು: "ನಿವೃತ್ತ ಮಾಸ್ತರ್, ಒಂದು ಕಾಲು ಇಲ್ಲ, ಒಬ್ಬರೇ ಇದ್ದಾರೆ" ಎಂದು ಬರೆದರೆ ಖಜೂರಿಯ ಸುತ್ತಿನ ಯಾರಿಗಾದರೂ ಅದು ಯಾರೆಂದು ಗೊತ್ತಾಗುತ್ತದೆ. ತನ್ನ ದತ್ತಾಂಶ ತುಂಬಿಸಿಕೊಳ್ಳಲು ಜೂನಿಯರ್‌ನನ್ನು ದುಡಿಸಿಕೊಳ್ಳಬಾರದು. ಜೋಡಿ ಹೊಂದದಿದ್ದರೆ ಕಾರಣ ಕೇಳದೆ ಬದಲಿಸಿಕೊಡುವ ಒಬ್ಬ ಅಧ್ಯಾಪಕರು ವಿಭಾಗದಲ್ಲಿರಬೇಕು, ಅವರು ಇಬ್ಬರ ಗೈಡ್ ಅಲ್ಲದವರಾಗಿರಬೇಕು.

ಊರಿನ ವಹಿ

ವಿಶ್ವವಿದ್ಯಾಲಯದ ಹತ್ತಿರದ ಹಳ್ಳಿಗಳಿಗೆ ಒಂದು ಬೇಸರವಿದೆ. "ಹೋದ ವರ್ಷಾನೂ ಬಂದಿದ್ರಿ, ಇದೇ ಕೇಳಿದ್ರಿ. ಏನಾಯ್ತು?" ಈ ಮಾತಿಗೆ ಜೂನಿಯರ್ ಬಳಿ ಉತ್ತರವಿರುವುದಿಲ್ಲ, ಯಾಕೆಂದರೆ ಹೋದ ವರ್ಷದವರು ಡಿಗ್ರಿ ಪಡೆದು ಹೋದರು. ಪ್ರತಿ ವಿಭಾಗದಲ್ಲೂ ಊರಿಗೊಂದು ವಹಿ ಇಟ್ಟರೆ ಇದು ನೀಗುತ್ತದೆ. ಅದರಲ್ಲಿ ಯಾರ ಗುಟ್ಟೂ ಇರಬಾರದು. ಯಾವ ವರ್ಷ ಯಾರು ಯಾವ ವಿಷಯಕ್ಕೆ ಬಂದಿದ್ದರು, ಯಾವ ಓಣಿಗಳಲ್ಲಿ ಕೇಳಿದರು, ಯಾವ ಪ್ರಶ್ನೆ ಜನರಿಗೆ ಅರ್ಥವಾಗಲಿಲ್ಲ, ಅದನ್ನು ಹೇಗೆ ತಿರುಗಿಸಿ ಕೇಳಿದರು, ಊರಿಗೆ ಏನು ಮಾತು ಕೊಟ್ಟರು, ಅದರಲ್ಲಿ ಯಾವುದು ಬಾಕಿ. ವಯಸ್ಸು ಲೆಕ್ಕ ಹಾಕುವ ಘಟನೆಗಳ ಪಟ್ಟಿ ಇದರ ಮೊದಲ ಪುಟದಲ್ಲಿರಲಿ. ರಜಾಕಾರರ ಕಾಲ, 1956ರ ಏಕೀಕರಣ, ಎಪ್ಪತ್ತೆರಡರ ಬರ, ಕಿಲ್ಲಾರಿ ಭೂಕಂಪದ ಜೊತೆಗೆ ಊರಿಗೆ ಕರೆಂಟ್ ಬಂದದ್ದು, ಮೊದಲ ಬಸ್ ಬಂದದ್ದು, ಶಾಲೆ ಕಟ್ಟಿದ್ದು ಇವೆಲ್ಲ ಸೇರಿದಷ್ಟೂ ಲೆಕ್ಕ ನಿಖರವಾಗುತ್ತದೆ. ಈ ಪಟ್ಟಿಯನ್ನು ವರ್ಷವರ್ಷ ಬೆಳೆಸುವ ಕೆಲಸ ಜೂನಿಯರ್‌ಗಳದು.

ಪ್ರಬಂಧ ಮುಗಿದ ಮೇಲೆ ಒಂದೇ ಪುಟದ ಕನ್ನಡ ಸಾರಾಂಶ ಬರೆದು ಸೀನಿಯರ್, ಜೂನಿಯರ್ ಇಬ್ಬರೂ ಹೋಗಿ ಕಟ್ಟೆಯ ಮೇಲೆ ಓದಿ ಹೇಳಬೇಕು, ಕಟ್ಟೆಗೆ ಬಾರದ ಹೆಂಗಸರಿಗೆ ಅಂಗನವಾಡಿಯಲ್ಲಿ ಇನ್ನೊಮ್ಮೆ. "ಇದು ಸುಳ್ಳದ" ಎಂದು ಯಾರಾದರೂ ತಕರಾರು ತೆಗೆದರೆ ಬರೆದುಕೊಂಡು ಬನ್ನಿ, ಮುಂದಿನ ವರ್ಷದವರ ಪ್ರಶ್ನೆ ಅಲ್ಲಿಂದ ಹುಟ್ಟುತ್ತದೆ.

ಈ ಸೆಮಿಸ್ಟರಿನಲ್ಲೇ ಶುರು ಮಾಡಬೇಕೆಂದರೆ ಸುತ್ತೋಲೆಗೆ ಕಾಯಬೇಡಿ. ಹೋದ ವರ್ಷ ಹಿರಿಯರ ಬಗ್ಗೆ ಕಿರುಪ್ರಬಂಧ ಬರೆದವರು ಯಾರೆಂದು ವಿಭಾಗದ ಗ್ರಂಥಾಲಯದ ಕಪಾಟಿನಲ್ಲಿ ನೋಡಿ. ಅವರಲ್ಲಿ ಇನ್ನೂ ಕ್ಯಾಂಪಸ್ಸಿನಲ್ಲಿರುವ ಒಬ್ಬರಿಗೆ ಫೋನ್ ಮಾಡಿ, ಮೂರು ಮನೆಗೆ ಜೊತೆ ಬನ್ನಿ ಎಂದು ಕೇಳಿ. ಗೈಡ್‌ಗೆ ವಿಷಯ ತಿಳಿಸಿ. ವಿಷಯ ಆಯ್ಕೆಯ ಹಂತದಲ್ಲೇ ಹೀಗೆ ಒಂದು ಸಲ ಹೋಗಿ ಬಂದವರು ಪ್ರಶ್ನಾವಳಿಯ ಕರಡನ್ನು ಹಿಂತಿರುಗಿದ ದಿನವೇ ಅರ್ಧ ತಿದ್ದಿರುತ್ತಾರೆ.